ಬೀಜ ತೆಗೆಸಿದ ಬೆಕ್ಕೂ ನಮ್ಮಪ್ಪನೂ

ಗೆಳೆಯರೇ, ನಿವೃತ್ತ ಸಾಲಿ ಮಾಸ್ತರರಾದ ನಮ್ಮಪ್ಪ ಇವತ್ತು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹಾನಗಲ್ಲಿನ ದನದ ಡಾಕ್ಟರ ಜೊತೆ ಜಗಳಕ್ಕೆ ಹೋದರು. ನಾನೂ ಹಿಂದೆಯೇ ಹೋದೆ. ಹೋದ ವರ್ಷ ಆ ಡಾಕ್ಟರೇ ಅದರ ಬೀಜ ತೆಗೆದಿದ್ದರು. ಆದರೂ ಅದು ದಿನಾ ಅವ್ವ ಹೊದೆಯುವ ಕೌದಿಯ ಅಂಚು ಕಚ್ಚಿ ಹಿಡಿದು, ಹೆಣ್ಣುಬೆಕ್ಕೇ ಸಿಕ್ಕಂತೆ ಮೇಲೇರುತ್ತದೆ.

ದವಾಖಾನೆಯ ಅಂಗಳದಲ್ಲಿ ರೈತರು ಎತ್ತು, ಎಮ್ಮೆ ಹಿಡಿದು ಗುಂಪಾಗಿ ನಿಂತಿದ್ದರು. ಅಪ್ಪ ಬುಟ್ಟಿಯನ್ನು ನನ್ನ ಕೈಗಿಟ್ಟು, ಕುಳ್ಳರನ್ನು ಮುಂದೆ, ಎತ್ತರದವರನ್ನು ಹಿಂದೆ ನಿಲ್ಲಿಸಿದರು. ಒಬ್ಬೊಬ್ಬರ ಹೆಸರು ಕೇಳಿ ಹಾಜರಿಯನ್ನೂ ತೆಗೆದುಕೊಂಡರು. ಆಮೇಲೆ ಒಳಗೆ ಹೋಗಿ, “ನೀವು ಕೆಲಸ ಅರ್ಧಕ್ಕ ಬಿಟ್ಟೀರಿ. ಇನ್ನೊಮ್ಮೆ ಕೊಯ್ರಿ,” ಅಂದರು.

“ತಗಿಯಾಕ ಏನೂ ಉಳದಿಲ್ರಿ ಮಾಸ್ತರ,” ಅಂದರು ಡಾಕ್ಟರು. “ಬೀಜ ಹೋದ್ರೂ ರೂಢಿ ಉಳಿತೈತಿ. ನಿಮಗ ಪೆನ್ಶನ್ ಆಗಿ ಎಷ್ಟು ವರ್ಷ ಆತ್ರಿ?”

“ಐದು ವರ್ಷ ಆತು.”

ಡಾಕ್ಟರು ಕಿಟಕಿಯಾಚೆ ಸಾಲಾಗಿ ನಿಂತಿದ್ದ ರೈತರನ್ನೊಮ್ಮೆ ನೋಡಿದರು. ಅಪ್ಪ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಮನೆಯ ದಾರಿ ಹಿಡಿದರು.

ಬೆಕ್ಕಿಗೆ ಒಂದು ಹಳೆಯ ಕೌದಿ ಬಿಟ್ಟುಕೊಟ್ಟಿದ್ದೇವೆ. ಅಪ್ಪನಿಗೆ ಏನು ಬಿಟ್ಟುಕೊಡಬೇಕೆಂದು ಅವ್ವ ಯೋಚಿಸುತ್ತಿದ್ದಾಳೆ.