ಹರಿದ ಪ್ಯಾಂಟುಗಳ ನಕ್ಷೆ

ನನ್ನನ್ನು ಬೈದು ಬರುವ ಪತ್ರಗಳಿಗೆ ನಾನು ಉತ್ತರ ಬರೆಯುವುದಿಲ್ಲ. (ಹೊಗಳಿ ಬರುವ ಪತ್ರಗಳಿಗೆ ಅದೇ ದಿನ ಬರೆಯುತ್ತೇನೆ. ಪೋಸ್ಟ್ ಡಬ್ಬಿಯವರೆಗೆ ಖುದ್ದಾಗಿ ನಡೆದು ಹೋಗುತ್ತೇನೆ.) ಆದರೆ ಹೋದ ತಿಂಗಳು ಗುಂಡ್ಲುಪೇಟೆಯಿಂದ ಬಂದ ಒಂದು ಕಾರ್ಡು ಈ ನಿಯಮ ಮುರಿಯುವ ಹಾಗೆ ಮಾಡಿತು.

ತಪ್ಪು ನನ್ನದೇ. ಬೇಸಿಗೆ ರಜೆಯಲ್ಲಿ ಇದೇ ಅಂಕಣದಲ್ಲಿ ಊಟಿ ಪ್ರವಾಸದ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಅದರಲ್ಲಿ ಒಂದು ವಾಕ್ಯವಿತ್ತು: ‘ನಂಜನಗೂಡು ದಾಟಿದ ಮೇಲೆ ಬಂಡೀಪುರದ ಕಾಡು ಸಿಗುವವರೆಗೆ ನೋಡುವಂಥದ್ದೇನೂ ಇಲ್ಲ, ಆರಾಮಾಗಿ ನಿದ್ದೆ ಮಾಡಬಹುದು.’ ಬರೆದ ನಾನು ಮರೆತೇಬಿಟ್ಟಿದ್ದೆ. ಗುಂಡ್ಲುಪೇಟೆ ಮರೆತಿರಲಿಲ್ಲ.

ಕಾರ್ಡಿನ ಒಂದಿಂಚು ಜಾಗವನ್ನೂ ಬಿಡದೆ ಬರೆದಿದ್ದರು. ‘ಸ್ವಾಮಿ, ಈಗ ಚಾಮರಾಜನಗರ ಬೇರೆ ಜಿಲ್ಲೆ ಆಯಿತು. ಆದರೂ ನಿಮ್ಮ ಮೈಸೂರಿನವರ ಪಾಲಿಗೆ ನಾವು ಊಟಿಗೆ ಹೋಗುವ ದಾರಿ ಮಾತ್ರ. ತೆರಕಣಾಂಬಿ ಆಚೆ ನವಿಲುಗಲ್ಲು ಅಂತ ಒಂದು ಗುಡ್ಡ ಇದೆ. ಅದರ ನೆತ್ತಿಯ ಮೇಲೆ ನಿಂತರೆ ಎಡಕ್ಕೆ ಬಿಳಿಗಿರಿರಂಗನ ಬೆಟ್ಟ, ಬಲಕ್ಕೆ ಗೋಪಾಲಸ್ವಾಮಿ ಬೆಟ್ಟ, ಎದುರಿಗೆ ಇಡೀ ನೀಲಗಿರಿ. ಆಷಾಢದಲ್ಲಿ ಬನ್ನಿ. ಆಗ ಮದುವೆ ಬಟ್ಟೆ ಇರುವುದಿಲ್ಲ, ನನಗೂ ಪುರುಸೊತ್ತು. ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನೋಡಿದ ಮೇಲೂ ಚೆನ್ನಾಗಿಲ್ಲ ಅನ್ನಿಸಿದರೆ ರಹಮತ್ ಟೈಲರ್ ಸುಳ್ಳುಗಾರ ಅಂತ ಪೇಪರಿನಲ್ಲಿ ಹಾಕಿ.’

ಇಂಥ ಸವಾಲು ಬಂದ ಮೇಲೆ ಮನೆಯಲ್ಲಿ ಕೂರಲಾದೀತೇ? ಆಷಾಢದ ಒಂದು ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಬಿಳಿ ಗಡ್ಡ, ತೆಳ್ಳನೆ ಆಳು, ಕೊರಳಲ್ಲಿ ಅಳತೆಯ ಟೇಪು. ಅಂಗಡಿಗೆ ರಜಾ ಹಾಕಿದರೂ ಟೇಪು ತೆಗೆಯಲು ಮರೆತಿದ್ದರು. ನಮಸ್ಕಾರಕ್ಕಿಂತ ಮುಂಚೆ ನನ್ನ ಪ್ಯಾಂಟು ನೋಡಿದರು.

“ಸೊಂಟ ಲೂಸ್ ಹೊಲ್ದವ್ರೆ ಸಾರ್. ಮೈಸೂರಲ್ಲಾ?”

ಚಾಮರಾಜನಗರದ ಬಸ್ಸು ಹಿಡಿದೆವು. ಕಿಟಕಿ ಪಕ್ಕ ನನ್ನನ್ನು ಕೂರಿಸಿದರು. ಬಸ್ಸು ಊರು ಬಿಟ್ಟದ್ದೇ ತಡ, ರಹಮತ್ ಸಾಹೇಬರ ಬಾಯಿಗೆ ಬಿಡುವಿಲ್ಲ. ಅಗೋ ಸೂರ್ಯಕಾಂತಿ, ಅಗೋ ಅರಿಸಿನ, ಆ ಕೆರೆ ಯಾರ ಕಾಲದ್ದು, ಆ ಮೋಡ ಯಾವ ಕಡೆಯಿಂದ ಬಂದದ್ದು. ಹಿಂದಿನ ಸೀಟಿನ ರೈತರೊಬ್ಬರು ಬಗ್ಗಿ ಕೇಳಿದರು: “ಏನ್ ಟೈಲರಣ್ಣ, ಅಂಗಡಿ ಬುಟ್ಟು ಎತ್ತಗೆ?”

“ನವಿಲುಗಲ್ಗೆ. ಇವ್ರು ಪೇಪರ್ನೋರು. ನಮ್ಮ ಕಡೆ ನೋಡೋದೇನೂ ಇಲ್ಲ ಅಂತ ಬರದ್ಬುಟ್ಟಿದ್ರಲ್ಲ, ಅವ್ರೇಯ!”

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಕಂಡಕ್ಟರ್ ನನಗೆ ಟಿಕೆಟ್ ಹರಿದು ಕೊಡುತ್ತ ಗಂಭೀರವಾಗಿ ಹೇಳಿದ: “ನಿದ್ದೆ ಮಾಡ್ಬುಟ್ಟೀರಾ ಸಾರ್. ತೆರಕಣಾಂಬಿ ಬೇಗ ಬತ್ತದೆ.” ನಕ್ಕವರೆಷ್ಟು ಜನ ಅಂತ ನಾನು ತಿರುಗಿ ನೋಡಲಿಲ್ಲ.

ತೆರಕಣಾಂಬಿಯಲ್ಲಿ ಇಳಿದು ಚಹಾ ಕುಡಿದು, ಹೊಲದ ಬದುವಿನ ಮೇಲೆ ನಡಿಗೆ ಶುರು. ಕೆಂಪು ಮಣ್ಣು, ಹಳದಿ ಹೂವು, ಮೇಲೆ ಆಷಾಢದ ಗಾಳಿ. ನಾನು ಟೋಪಿ ಹಾಕಿಕೊಂಡಿದ್ದೆ. ಮೊದಲ ಐದು ನಿಮಿಷದಲ್ಲೇ ಅದು ಯಾರದೋ ಜೋಳದ ಹೊಲಕ್ಕೆ ಸೇರಿತು. ನನಗೆ ಬೇಜಾರೇ ಆಗಲಿಲ್ಲ! ಐವತ್ತರ ಹತ್ತಿರದ ಮನುಷ್ಯ ಸುಮ್ಮನೆ ಹೊಲದಲ್ಲಿ ನಗುತ್ತ ನಡೆಯುವುದು ಎಂದಾದರೂ ಉಂಟೇ? ಅವತ್ತು ಉಂಟು.

ಅದಕ್ಕೆ ಕಾರಣ ಸಾಹೇಬರು ದಾರಿ ಹೇಳುವ ರೀತಿ. ನಾನು ಅಂಥ ಗೈಡನ್ನು ಎಲ್ಲೂ ಕಂಡಿಲ್ಲ.

“ಇಲ್ಲಿ ಎಡಕ್ಕೆ ಬನ್ನಿ ಸಾರ್. ಬಲಕ್ಕೆ ಓದ್ರೆ ಕಾರೆ ಮುಳ್ಳು. ಫಾರೆಸ್ಟ್ ವಾಚರ್ ಸಿದ್ದಯ್ಯನ ಖಾಕಿ ಶರಟಿನ ತೋಳು ಓಗಿದ್ದು ಅಲ್ಲೇ.”

ಬಗ್ಗಿ ನೋಡಿದೆ. ಹೌದು, ಮುಳ್ಳು!

“ಈ ಬಂಡೆ ಮ್ಯಾಲೆ ಕಾಲು ಇಕ್ಬ್ಯಾಡಿ, ಪಾಚಿ ಅದೆ. ನಮ್ಮ ಹೈಸ್ಕೂಲು ಮೇಷ್ಟ್ರು ಜಾರಿ ಬಿದ್ದು ಪ್ಯಾಂಟು ಹಿಂದ್ಗಡೆ ಪೂರಾ ಓಯ್ತು. ಹೊಸಾ ಟೆರಿಕಾಟು ಸಾರ್!”

ಮುಟ್ಟಿ ನೋಡಿದೆ. ಪಾಚಿ!

ಹೀಗೇ ತೋಳು, ಮಂಡಿ, ಕಾಲರು, ಜೇಬು. ಇಡೀ ಹೋಬಳಿಯ ನಕ್ಷೆ ಹರಿದ ಬಟ್ಟೆಗಳಲ್ಲಿತ್ತು. ಇದೇನು ಅಂತ ಕೇಳಿದೆ. ಅದು ಅವರ ಕೆಲಸದ ಕ್ರಮವಂತೆ. ಹರಿದ ಬಟ್ಟೆ ತಂದವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ಹರಿಯಿತು? “ಬಂಡೆಗೆ ಉಜ್ಜಿ ಹರಿದಿದ್ರೆ ತೇಪೆ ಆಕ್ಬೇಕು. ಮುಳ್ಳಿಗೆ ಸಿಕ್ಕಿ ಹರಿದಿದ್ರೆ ನೂಲಲ್ಲೇ ರಫು ಮಾಡುದ್ರೆ ಸಾಕು. ಕೇಳ್ದೆ ಹೊಲ್ಯಕ್ಕಾಯ್ತದಾ?” ಎಲ್ಲಿ ಅಂತ ಕೇಳಿದರೆ ಜನ ಬರೀ ಜಾಗ ಹೇಳಿ ಸುಮ್ಮನಾಗುತ್ತಾರೆಯೇ? ಅಲ್ಲಿಗೆ ಯಾಕೆ ಹೋಗಿದ್ದೆ, ಏನು ಕಂಡೆ, ಆನೆ ಬಂತಾ, ಮಳೆ ಬಂತಾ, ಎಲ್ಲ ಹೇಳುತ್ತಾರೆ. ಕೇರಳದ ದಾರಿಯ ಮದ್ದೂರು ಕಾಡಿನಿಂದ ಬಂಡೀಪುರದವರೆಗೆ ಕೆಲಸ ಮಾಡುವ ವಾಚರುಗಳ ಖಾಕಿ ಅವರ ಹೊಲಿಗೆ ಮಿಷನ್ನಿಗೇ ಬರುತ್ತಿತ್ತಂತೆ.

ನಾನು ಕಿವಿಯಾಗಿ ನಡೆಯುತ್ತಿದ್ದೆ. “ಮುಂದೆ ಕವಲು ದಾರಿ. ಅಲ್ಲೊಂದು ದೊಡ್ಡ ಹುಣಸೆಮರ ಅದೆ, ಹತ್ತು ಜನ ಮಲಗ್ಬೋದು ನೆರಳಲ್ಲಿ. ಅದರ ಬಲಕ್ಕೆ ಓದ್ರೆ ನವಿಲುಗಲ್ಲು” ಅಂದರು.

ಕವಲು ಬಂತು. ಮರ ಬರಲಿಲ್ಲ.

ಸಾಹೇಬರು ನಿಂತರು. ಒಂದು ಸುತ್ತು ತಿರುಗಿದರು. ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದರು. ಹತ್ತು ಜನ ಮಲಗುವಷ್ಟು ದೊಡ್ಡ ಮರ, ಕಣ್ತಪ್ಪಿ ಹೋಗುವಂಥದ್ದಲ್ಲ. ಅಲ್ಲೇ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದರು: “ಇಲ್ಲಿದ್ದ ಹುಣಸೆಮರ ಎಲ್ಲೋಯ್ತವ್ವ?”

“ಮರ್ವಾ? ಅದು ಗಾಳಿಗೆ ಬಿದ್ದೋಗಿ ಯಾವ ಕಾಲ ಆಯ್ತು ಕಣಣ್ಣ! ನನ್ನ ಮಗಳು ಮೈನೆರೆದ ವರ್ಸ. ಈಗ ಅವಳ ಮಗನೇ ಇಸ್ಕೂಲ್ಗೆ ಓಯ್ತಾನೆ.” ಅಷ್ಟು ಹೇಳಿ ಸಾಹೇಬರ ಮುಖ ದಿಟ್ಟಿಸಿದಳು. “ನೀವು ಗುಂಡ್ಲುಪ್ಯಾಟೆ ಟೈಲರಣ್ಣ ಅಲ್ವಾ? ನಾನು ದಿನಾ ಇಲ್ಲೇ ಮೇಸ್ತೀನಿ. ನೀವು ಇತ್ತಗೆ ಬಂದಿದ್ದೇ ಕಾಣ್ನಲ್ಲ!”

ಬಲಗಡೆ ದಾರಿಗೆ ಕೋಲು ತೋರಿಸಿ ಅವಳು ಮೇಕೆ ಹಿಂದೆ ಹೋದಳು. ನಾನು ಆ ದಾರಿ ಹಿಡಿಯದೆ ಅಲ್ಲೇ ನಿಂತೆ.

“ಸಾಹೇಬ್ರೇ, ನೀವು ಈ ಗುಡ್ಡಕ್ಕೆ ಕೊನೆಯ ಸಲ ಬಂದದ್ದು ಯಾವಾಗ?”

“ಇವತ್ತು.”

“ಮೊದಲನೆ ಸಲ?”

ಟೇಪಿನ ತುದಿ ಹಿಡಿದು ಬೆರಳಿಗೆ ಸುತ್ತಿಕೊಂಡರು. “ಅದೂ ಇವತ್ತೇಯ ಸಾರ್.”

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಮೂವತ್ತು ವರ್ಷದಿಂದ ಕೇಳಿದ್ದನ್ನೇ ಮಿಷನ್ ಮುಂದೆ ಕೂತು ಬಂದವರಿಗೆಲ್ಲ ಹೇಳಿದ್ದರಂತೆ. ಊರಿಗೆಲ್ಲ ಹಬ್ಬ ಬಂದರೆ ಟೈಲರಿಗೆ ರಾತ್ರಿ ಹಗಲು ಕೆಲಸ. ಬಿಡುವಾದಾಗ ಒಬ್ಬನೇ ಹೋಗಿ ಗುಡ್ಡ ನೋಡುವುದೇ? ಜನ ಏನಂದಾರು? “ಯಾರಾದ್ರೂ ನೆಂಟ್ರು ಕೇಳ್ಕಂಡು ಬಂದ್ರೆ ಕರ್ಕಂಡು ಓಗನ ಅಂತಿದ್ದೆ. ಯಾರೂ ಕೇಳ್ನಿಲ್ಲ ಸಾರ್.”

ಇದು ಅವರೊಬ್ಬರ ಕಥೆಯೇ? ನಾನು ಮೈಸೂರಿನ ಅರಮನೆಯ ಒಳಗೆ ಕಾಲಿಟ್ಟದ್ದು ಶಿವಮೊಗ್ಗದ ಸೋದರತ್ತೆ ಬಂದಾಗ. ಅದೂ ಅವರು ಮೂರು ಸಲ ಕೇಳಿದ ಮೇಲೆ. ನಮ್ಮೂರನ್ನು ನಾವು ನೋಡಬೇಕಾದರೂ ಬೇರೆ ಊರಿನವರ ಪರ್ಮಿಷನ್ ಬೇಕು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದರೇ?

“ಹೋಗಲಿ ಬಿಡಿ, ಈಗ ಬಂದಿದ್ದೀವಲ್ಲ. ಏಳಿ” ಅಂದೆ.

ಅವರು ಏಳಲಿಲ್ಲ. “ಬ್ಯಾಡ ಸಾರ್. ವಾಪಸ್ ಓಗನ. ಮರವೇ ಇಲ್ಲ ಅಂದ್ಮ್ಯಾಲೆ ಇನ್ನೇನೇನು ಇಲ್ವೋ! ಒಬ್ಬ ಬೆಟ್ಟ ಅಂದ, ಇನ್ನೊಬ್ಬ ನೀಲಗಿರಿ ಅಂದ, ನಾನು ಎಲ್ಲಾನೂ ಸೇರ್ಸಿ ಹೊಲ್ದೆ. ಮ್ಯಾಲೆ ಓಗಿ ನೋಡ್ದಾಗ ಅಂಗಿಲ್ದೆ ಓದ್ರೆ? ಸುಳ್ಳುಗಾರ ಅಂತ್ಲೇ ಬರ್ಕಳಿ, ಪರ್ವಾಗಿಲ್ಲ. ನಾನು ನೋಡಕಿಲ್ಲ.”

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅವರಿಗೆ ಹೆದರಿಕೆಯಿದ್ದದ್ದು ಅದೇ. ಪೇಪರಿನಲ್ಲಿ ಮಾನ ಹೋದರೂ ಸೈ, ಮೂವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಗುಡ್ಡ ಹಾಳಾಗಬಾರದು. ನನಗೆ ಆ ಮನುಷ್ಯನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ರಟ್ಟೆ ಹಿಡಿದು ಎಬ್ಬಿಸಿದೆ. ಅಕ್ಷರಶಃ ಎಳೆದುಕೊಂಡು ಹತ್ತಿದೆ.

ಮುಕ್ಕಾಲು ಗಂಟೆ ಏರು. ಇಲ್ಲಿಂದಾಚೆಗೆ ದಾರಿ ಹೇಳಲು ಸಾಹೇಬರ ಬಳಿ ಯಾರ ಪ್ಯಾಂಟೂ ಇರಲಿಲ್ಲ. ಒಂದು ಕಡೆ ಕಲ್ಲಿನ ಸಂದಿಯಲ್ಲಿ ನುಸುಳುವಾಗ ನನ್ನ ಮಂಡಿ ಪರ್ರೆಂದಿತು. ಅಷ್ಟು ಹೊತ್ತು ಸಪ್ಪಗಿದ್ದವರು ಬಗ್ಗಿ ನೋಡಿ, “ತೇಪೆ ಕೇಸು” ಅಂದರು. ಸ್ವಲ್ಪ ಜೀವ ಬಂದ ಹಾಗಿತ್ತು.

ನೆತ್ತಿ ಮುಟ್ಟಿದೆವು. ಏನು ಕಂಡಿತು ಹೇಳಿ? ಏನೂ ಇಲ್ಲ! ಬರೀ ಮೋಡ. ನನ್ನ ಚಪ್ಪಲಿಯೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಸಾಹೇಬರು ಬೆನ್ನು ತಿರುಗಿಸಿ ಕೂತರು. ನಾನೂ ಕೂತೆ. ಗಾಳಿ ಕಿವಿಯ ಹತ್ತಿರವೇ ಕೂಗುತ್ತಿತ್ತು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಇವರನ್ನು ಯಾಕಾದರೂ ಎಳೆದು ತಂದೆನೋ ಅಂತ ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ಕೆಳಗೆ ಎಲ್ಲೋ ಒಂದು ತುಂಡು ಹಳದಿ ಕಂಡಿತು. ಸೂರ್ಯಕಾಂತಿ. ಅದರ ಪಕ್ಕ ಕೆಂಪು ನೆಲ. ಅದರಾಚೆ ಕೆರೆಯ ನೀರು. ಗಾಳಿ ಮೋಡವನ್ನು ಸರ್ರನೆ ಎಳೆದುಕೊಂಡು ಹೋಯಿತು. ಎಡಕ್ಕೆ ಬಿಳಿಗಿರಿರಂಗನ ಬೆಟ್ಟ! ಬಲಕ್ಕೆ ತಲೆಯ ಮೇಲೆ ಮಂಜು ಹೊತ್ತ ಗೋಪಾಲಸ್ವಾಮಿ ಬೆಟ್ಟ! ಎದುರಿಗೆ ಈ ತುದಿಯಿಂದ ಆ ತುದಿಯವರೆಗೆ ನೀಲಗಿರಿ, ಗೋಡೆ ಕಟ್ಟಿದ ಹಾಗೆ, ನೀಲಿ ಅಂದರೆ ನೀಲಿ! ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಊಟಿಗೆ ಎಷ್ಟು ಸಲ ಹೋಗಿದ್ದೇನೋ, ಊಟಿ ಯಾವ ಬೆಟ್ಟದ ಮೇಲಿದೆ ಅಂತ ನೋಡಿದ್ದು ಅವತ್ತೇ. ಅಷ್ಟೂ ಸಲ ನಾನು ಇದರ ಪಕ್ಕದಲ್ಲೇ ಬಾಯಿ ತೆರೆದು ನಿದ್ದೆ ಹೊಡೆದಿದ್ದೆ.

“ತಿರುಗಿ ಸಾಹೇಬ್ರೇ, ತಿರುಗಿ!”

ಅವರು ಮೆಲ್ಲನೆ ತಿರುಗಿದರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಒಂದೊಂದೇ ಲೆಕ್ಕ ಹಾಕುವವರ ಹಾಗೆ ಬೆರಳು ಮಡಿಸಿದರು. ಆಮೇಲೆ ಎದ್ದು ನಿಂತರು. ಕೆಳಗೆ ಹೊಲಗಳ ಮೇಲೆ ಮೋಡದ ನೆರಳುಗಳು ಒಂದರ ಹಿಂದೊಂದು ಓಡುತ್ತಿದ್ದವು.

“ನೆರಳು ಓಡ್ತವೆ ಸಾರ್! ಇದ್ನ ಯಾರೂ ಹೇಳ್ನೇ ಇಲ್ಲ. ಒಬ್ನೂ ಹೇಳ್ನಿಲ್ಲ!” ಕಣ್ಣಲ್ಲಿ ನೀರು, ಮುಖದ ತುಂಬ ನಗು. “ನಾನು ಹೇಳ್ತಿದ್ದಿದ್ದು ಬಾಳ ಕಮ್ಮಿ ಆಯ್ತು ಸಾರ್.”

ಎರಡು ಗಂಟೆ ಕೂತೆವು. ಅವರು ಏಳಲೊಲ್ಲರು. ಕೊನೆಗೆ ಹಸಿವು ಎಬ್ಬಿಸಿತು.

ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ನನ್ನ ಮಂಡಿಗೆ ತೇಪೆ ಹಾಕಿಕೊಟ್ಟು (ಸೊಂಟದ ಲೂಸನ್ನೂ ಹಿಡಿದುಕೊಟ್ಟರು), ಅಂಗಡಿಯ ಹಿಂದೆಯೇ ಇರುವ ಮನೆಗೆ ಊಟಕ್ಕೆ ಕರೆದರು. ಬಾಗಿಲಲ್ಲಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

“ಒಂದ್ ವಿಸ್ಯ ಸಾರ್. ನಮ್ಮನೆಯವ್ಳಿಗೆ, ಮದ್ವೆ ಆದ ಹೊಸ್ದ್ರಲ್ಲಿ, ನವಿಲುಗಲ್ಲ ಹತ್ತು ಸಲಿ ಹತ್ತಿವ್ನಿ ಅಂತ ಹೇಳ್ಬುಟ್ಟಿದ್ದೆ.”

ನನಗೆ ಅರ್ಥವಾಯಿತು. ಜೀವಮಾನದಲ್ಲೇ ದೊಡ್ಡ ಖುಷಿಯ ದಿನ, ಮನೆಯಲ್ಲಿ ಮಾತ್ರ ಹನ್ನೊಂದನೆಯದು!

ಜಮೀಲಾ ಬೀ ತಟ್ಟೆ ಇಟ್ಟು ಕೇಳಿದರು: “ಹೆಂಗಿತ್ತು ಸಾರ್ ನವಿಲುಗಲ್ಲು? ಇವ್ರಿಗೇನು, ನೋಡಿ ನೋಡಿ ಸಾಕಾಗ್ಬುಟ್ಟದೆ.” ನಾನು ಬಣ್ಣಿಸತೊಡಗಿದೆ. ಸಾಹೇಬರು ತುಟಿ ಬಿಗಿಹಿಡಿದು ಅನ್ನ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು. ನಾನು ನೀಲಗಿರಿಗೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ.

“ನೆರಳು ಓಡ್ತವೆ ಕಣೆ! ಹೊಲದ ಮ್ಯಾಲೆ! ನೆರಳು!” ಅಂದರು. ಅಂದವರೇ ಗಂಟಲು ಸರಿಮಾಡಿಕೊಂಡು, “ಯಾವಾಗ್ಲೂ ಓಡ್ತವೆ. ಅದೇನು ಹೊಸ್ದಲ್ಲ” ಅಂತ ತಟ್ಟೆ ನೋಡಿದರು.

ಜಮೀಲಾ ಬೀ ಗಂಡನನ್ನು ನೋಡಿದರು. ನನ್ನನ್ನು ನೋಡಿದರು. ಇನ್ನೊಂದು ಸೌಟು ಸಾರು ಬಡಿಸಿ ತಣ್ಣಗೆ ಹೇಳಿದರು: “ಬರೋ ಭಾನ್ವಾರ ನನ್ನೂ ಕರ್ಕಂಡೋಗಿ. ಹನ್ನೆರಡ್ನೇ ಸಲಿ ಹೆಂಗ್ ನೋಡ್ತೀರಾ ಅಂತ ನಾನೂ ನೋಡ್ತೀನಿ.”

ಹಾಗಾಗಿ, ನಂಜನಗೂಡು ದಾಟಿದ ಮೇಲೆ ದಯವಿಟ್ಟು ಎದ್ದಿರಿ, ನಾನು ಬರೆದದ್ದು ತಪ್ಪು. ರಹಮತ್ ಟೈಲರ್ ಸುಳ್ಳುಗಾರರಲ್ಲ ಅಂತ ಪೇಪರಿನಲ್ಲಿ ಹಾಕಿದ್ದೇನೆ. (ಮನೆಯ ವಿಷಯ ಅವರಿಬ್ಬರಿಗೆ ಬಿಟ್ಟದ್ದು.) ಈಗ ನನಗೆ ನಿಮ್ಮದೇ ಚಿಂತೆ.

ನಿಮ್ಮೂರಿನ ಗುಡ್ಡವನ್ನು ನೀವು ಹತ್ತಿದ್ದೀರಾ, ಇಲ್ಲ ಹೆಂಡತಿಯ ಹತ್ತಿರ ಬರೀ ಹೇಳಿಟ್ಟಿದ್ದೀರಾ?