ಮೂರನೇ ಮಹಡಿಯಿಂದ ಇಳಿದವಳು

ತೂಕಕ್ಕಿಟ್ಟರೆ ನಲವತ್ತು ಕಿಲೋ; ಅದರಲ್ಲಿ ಅರ್ಧ ಹಟ. ಬಟ್ಟೆ ವ್ಯಾಪಾರಿಯಾದ ನನ್ನ ಕಣ್ಣಿಗೆ ಬಣ್ಣ ಮಾಸಿದ, ಆದರೆ ನೇಯ್ಗೆ ಗಟ್ಟಿಯಿರುವ ಮಾಲು. ಇವಳು ನನ್ನ ಅತ್ತೆ, ಅಪ್ಪನ ಅಕ್ಕ. ನನ್ನ ಅಂಗಡಿಯ ಮೇಲಿನ ಹನ್ನೆರಡು ಬಾಡಿಗೆ ಮನೆಗಳ ಬಟ್ಟೆಯನ್ನು, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ನಿಂತು, ಐವತ್ತು ವರ್ಷದಿಂದ ಇಸ್ತ್ರಿ ಮಾಡುತ್ತ ಬಂದವಳು.

ಒಂದು ಮಂಗಳವಾರ ಡಾಕ್ಟರು ಅವಳ ಗಂಟಲಿನಲ್ಲಿ ಗಡ್ಡೆ ಇದೆ ಎಂದರು. ಗುರುವಾರ ಆಪರೇಷನ್. ಆಮೇಲೆ ದನಿ ಉಳಿಯುವ ಭರವಸೆ ಇಲ್ಲ. ನಮ್ಮ ಮನೆತನದ ಹಿಂದಿನ ಸಂಗತಿ ಬಲ್ಲವಳು ಅವಳೊಬ್ಬಳೇ. ಅಜ್ಜಿ ಹೇಗೆ ಸತ್ತಳೆಂದು ಕೇಳಿದಾಗಲೆಲ್ಲ ಅಪ್ಪ "ಜ್ವರ" ಎಂದು ಮಾತು ಮುಗಿಸುತ್ತಿದ್ದ. ಅವನೂ ಹೋಗಿ ಎಂಟು ವರ್ಷ.

ಬುಧವಾರ ಬೆಳಿಗ್ಗೆ ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮೊಬೈಲಿಟ್ಟು ರೆಕಾರ್ಡಿಂಗ್ ಒತ್ತಿದೆ. ಅರ್ಧ ಗಂಟೆ ಅವಳು ಸೆರಗಿನ ಸುಕ್ಕು ತೀಡುತ್ತಲೇ ಕೂತಳು.

"ಹೇಳತ್ತೆ, ಟೈಮಿಲ್ಲ."

"ಏನೋ ಇದು, ಪೊಲೀಸ್ ಠಾಣೇಲಿ ಕೂರಿಸಿದ ಹಾಗೆ! ಸುಮ್ನೆ ಕೂತ್ರೆ ನಂಗೇನೂ ನೆನಪಾಗಲ್ಲ. ಒಂದು ಶರ್ಟಾದ್ರೂ ಕೊಡು."

ಇಬ್ಬರೂ ಗೂಡಿಗೆ ಹೋದೆವು. ಇಸ್ತ್ರಿಪೆಟ್ಟಿಗೆ ಕಾಯುತ್ತಲೇ ಮಾತು ಬಂತು. ಕಾಲರು ತಿಕ್ಕುವಾಗ, ಅಜ್ಜಿ ಮಕ್ಕಳಿಬ್ಬರನ್ನೂ ಜೊತೆಗೊಯ್ದು ಹೊಲಿಯುತ್ತಿದ್ದ ಕಾರ್ಖಾನೆಯ ಮೂರನೇ ಮಹಡಿ. ತೋಳಿಗೆ ಬರುವಷ್ಟರಲ್ಲಿ ಬೆಂಕಿ. ಬಟ್ಟೆ ಒಯ್ಯಲು ಬಂದ ಮೇಲಿನ ಮನೆಯ ಟೀಚರಮ್ಮ ಅಲ್ಲೇ ನಿಂತರು. ಅವರ ಹಿಂದೆ ಲಿಫ್ಟ್ ಮೆಕ್ಯಾನಿಕ್ಕು, ಅವನ ಹೆಂಡತಿ. ಇಷ್ಟು ವರ್ಷ ಮೆಟ್ಟಿಲಲ್ಲಿ ಒಬ್ಬರಿಗೊಬ್ಬರು ತಲೆಯಾಡಿಸಿ ಹೋಗುತ್ತಿದ್ದವರು.

"ಅಮ್ಮ ಒದ್ದೆ ಬಟ್ಟೆ ನನ್ನ ತಲೆ ಮೇಲೆ ಹಾಕಿದ್ಲು. ತಮ್ಮನ್ನ, ಅಂದ್ರೆ ನಿಮ್ಮಪ್ಪನ್ನ, ನನ್ನ ಬೆನ್ನಿಗೆ ಕಟ್ಟಿದ್ಲು. ಹೊಗೇಲಿ ಏನೂ ಕಾಣಲ್ಲ, ಗೋಡೆ ಬಿಡ್ಬೇಡ, ಮೆಟ್ಟಿಲು ಇಳೀತಾ ಹೋಗು ಅಂದ್ಲು. ಒಳಗಿದ್ದ ಹುಡುಗೀರನ್ನ ಕರೆಯೋಕೆ ತಾನು ವಾಪಸ್ ಹೋದ್ಲು."

ಪೆಟ್ಟಿಗೆ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಬಂದರೂ ಯಾರೂ ಅಲುಗಲಿಲ್ಲ.

"ನಂಗೆ ಒಂಬತ್ತು ವರ್ಷ. ಗೋಡೆ ಸುಡ್ತಿತ್ತು ಕಣೋ. ಬಿಡ್ಲಿಲ್ಲ. ಕೆಳಗೆ ಬಂದು ತಿರುಗಿ ನೋಡಿದ್ರೆ ಮೆಟ್ಟಿಲೇ ಇರ್ಲಿಲ್ಲ."

"ಮತ್ತೆ ಜ್ವರ ಅಂತಿದ್ನಲ್ಲ ಅಪ್ಪ?"

"ನಾನೇ ಅವನಿಗೆ ಹಾಗೆ ಹೇಳಿದ್ದೆ. ಚಿಕ್ಕವನಿದ್ದಾಗ ಮೆಟ್ಟಿಲು ಕಂಡ್ರೆ ಕಿರುಚ್ತಿದ್ದ, ಪಾಪ. ಆಮೇಲೆ ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ."

ಮೆಕ್ಯಾನಿಕ್ಕು ಮೆಲ್ಲಗೆ ಅಂದ: "ಅಮ್ಮಾ, ಶರ್ಟು ನಂದು. ಹೊಗೆ ಬರ್ತಿದೆ."

"ಅಯ್ಯೋ! ಹೋಗ್ಲಿ ಬಿಡಪ್ಪ, ಆ ಬಣ್ಣ ನಿಂಗೆ ಒಪ್ತಿರ್ಲಿಲ್ಲ."

ಅಂಗಡಿಗೆ ಮರಳಿದರೆ ಮೊಬೈಲು ಮೇಜಿನ ಮೇಲೇ ಇತ್ತು. ಖಾಲಿ ಕುರ್ಚಿಯ ಮೌನವನ್ನು ಎರಡು ಗಂಟೆ ಚೊಕ್ಕವಾಗಿ ರೆಕಾರ್ಡ್ ಮಾಡಿಕೊಂಡಿತ್ತು. ಮತ್ತೊಮ್ಮೆ ಹೇಳಿಸೋಣವೆಂದರೆ ಅವಳ ದನಿ ಆಗಲೇ ಕಟ್ಟಿತ್ತು.

ಗುರುವಾರ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಟೀಚರಮ್ಮ, ಮೆಕ್ಯಾನಿಕ್ಕು, ಅವನ ಹೆಂಡತಿ. ಒಳಗಿನಿಂದ ನರ್ಸು ಬಂದಾಗಲೆಲ್ಲ ನಾಲ್ವರೂ ಒಟ್ಟಿಗೆ ಏಳುತ್ತಿದ್ದೆವು. ಹೆದರಿಕೆ ತಡೆಯಲಾರದೆ ಟೀಚರಮ್ಮ ತಮ್ಮ ತಾಯಿಯ ಕತೆ ತೆಗೆದರು. ಆಮೇಲೆ ಮೆಕ್ಯಾನಿಕ್ಕು ತನ್ನ ತಾತನದು.

ಅತ್ತೆ ಬದುಕಿದಳು. ದನಿ ಬರಲಿಲ್ಲ.

ಈಗ ಭಾನುವಾರ ಗೂಡಿನ ಮುಂದೆ ಹತ್ತಾರು ಜನ ಸೇರುತ್ತಾರೆ. ಒಬ್ಬೊಬ್ಬರು ತಮ್ಮ ಮನೆಯ ಕತೆ ಹೇಳುತ್ತಾರೆ. ನಾನು ಅವಳದು ಹೇಳುತ್ತೇನೆ. ತಪ್ಪಿದರೆ ಅವಳು ಮೇಜು ಕುಟ್ಟುತ್ತಾಳೆ. ಏನಾದರೂ ಮರೆತುಹೋದೀತೆಂಬ ಅಂಜಿಕೆ ಪ್ರತಿ ವಾರವೂ ಇದೆ.

ಅಂದು ಅವಳು ಗೋಡೆ ಬಿಟ್ಟಿದ್ದರೆ ಅಪ್ಪ ಉಳಿಯುತ್ತಿರಲಿಲ್ಲ, ನಾನು ಹುಟ್ಟುತ್ತಿರಲಿಲ್ಲ. ನನ್ನ ಜೀವ ಅತ್ತೆಯ ಋಣ.