ಒಂದು ತೂತೂ ಬಿಡದ ಗೋಡೆ

ನಮ್ಮ ಎಂಜಿನಿಯರ್ ಸಾಹೇಬರ ಬಲ ಅಂಗೈ ಸುಣ್ಣ ತಿಂದು ಹಿಮ್ಮಡಿಯಂತೆ ಬಿರಿದಿತ್ತು. ಯಾವ ಕಟ್ಟಡಕ್ಕೆ ಹೋದರೂ ಆ ಅಂಗೈಯನ್ನು ನೀರಿನಲ್ಲಿ ಅದ್ದಿ ಗೋಡೆಯ ಮುಂದೆ ಹಿಡಿಯುತ್ತಿದ್ದರು. ತಣ್ಣಗಾದರೆ ಗಾಳಿ ಆಡುತ್ತಿದೆ ಎಂದರ್ಥ. ಎಸ್ಟೇಟ್ ಬಂಗಲೆಗೂ ಕೂಲಿಗಳ ಲೈನ್ ಮನೆಗೂ ಅದೇ ಪರೀಕ್ಷೆ. ಅವರು ಓದಿದ್ದು ಆರ್ಕಿಟೆಕ್ಟ್ ಕೆಲಸ. ಸಕಲೇಶಪುರ, ಆಲೂರು ಕಡೆಯ ಮೇಸ್ತ್ರಿಗಳಾದ ನಮಗೆ ಮಾತ್ರ ಎಂಜಿನಿಯರ್.

ಅರವತ್ತರ ದಶಕದಲ್ಲಿ ಅವರು ಕಟ್ಟಿಸಿದ ಸಭಾಭವನದಲ್ಲೇ ನಾನು ಕರಣೆ ಹಿಡಿಯಲು ಕಲಿತದ್ದು. ಸಪಾಟು ಕಾಂಕ್ರೀಟ್ ಸೂರು, ಗಿಲಾವು ಇಲ್ಲದ ಕಲ್ಲು, ಮಳೆ ಹೊಡೆಯದ ಮೂಡಣ ಬದಿಗೆ ಇಡೀ ಗೋಡೆಯೇ ಇಟ್ಟಿಗೆಯ ಜಾಲರಿ.

"ಪಾರಿವಾಳ ಸಾಕ್ತೀರಾ ಸಾಹೇಬ್ರೆ?" ಎಂದು ಜನ ಆಡಿಕೊಂಡರು.

"ನಿಮ್ಮನ್ನೇ ಸಾಕೋದು ಕಣ್ರೀ. ಮಳೆಗಾಲ ಬರ್ಲಿ, ಗೊತ್ತಾಗ್ತದೆ."

ಒದ್ದೆ ಕಂಬಳಿಯ ಜನ ಕಿಕ್ಕಿರಿದರೂ ಒಳಗೆ ವಾಸನೆ ನಿಲ್ಲಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಭವನದ ಸಮಿತಿಗೆ ಬಂದ ಹೊಸ ಅಧ್ಯಕ್ಷರಿಗೆ ಅದು ದನದ ಕೊಟ್ಟಿಗೆಯಂತೆ ಕಂಡಿತು. ಸಿಮೆಂಟಿನ ಹುಸಿ ಕಂಬ, ಸಿಂಹದ ಮುಖ, ಗುಲಾಬಿ ಬಣ್ಣ ಬೇಕೆಂದರು. ಜಾಲರಿ ಮುಚ್ಚಬೇಕೆಂದರು. ಒಪ್ಪಿಕೊಂಡವನು ನಾನೇ. ನಾನು ಒಲ್ಲೆ ಎಂದರೆ ಇನ್ನೊಬ್ಬ ಮಾಡುತ್ತಾನೆ ಎಂದುಕೊಂಡೆ. ಆ ಸಬೂಬು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಸಾಹೇಬರು ಕೋಲೂರಿಕೊಂಡು ಬಂದರು. ಅಂಗೈ ಅದ್ದಿ, ನಾನು ಮುಚ್ಚಿದ ಗೋಡೆಯ ಮುಂದೆ ಬಹಳ ಹೊತ್ತು ಹಿಡಿದು ನಿಂತರು.

"ಕೆಲಸ ಚೊಕ್ಕ ಐತೆ ಕಣೋ," ಎಂದರು. "ಒಂದು ತೂತೂ ಬಿಟ್ಟಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆ ಅದೇ ಭವನದಲ್ಲಿ. ಗೋಡೆ ತುಂಬ ಕಪ್ಪು ಬೂಷ್ಟು, ಒದ್ದೆ ಕೊಡೆಗಳ ಮುಗ್ಗು, ಜನರ ಉಸಿರು. ಸಿಂಹದ ಮುಖದ ಕೆಳಗೆ ಅವರ ಫೋಟೋ ಇಟ್ಟಿದ್ದರು. ಅದೇ ಅಧ್ಯಕ್ಷರು ಮೂಗಿಗೆ ಕರ್ಚೀಫು ಒತ್ತಿಕೊಂಡೇ, "ಈ ಭವ್ಯ ಕಟ್ಟಡವೇ ಅವರ ಸ್ಮಾರಕ," ಎಂದರು. ಜನ ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ!

ಮರುದಿನ ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಹೋದೆ. ಜಾಲರಿಯ ಒಂದು ಕಿಂಡಿ ಬಿಡಿಸುವಷ್ಟರಲ್ಲಿ ಅಧ್ಯಕ್ಷರು ಓಡಿ ಬಂದರು.

"ಏನ್ಲಾ, ತಲೆ ಕೆಟ್ಟೋಯ್ತಾ ನಿಂಗೆ?"

"ಮುಚ್ಚಿದ್ದು ನಾನೇ ಅಲ್ವಾ ಸ್ವಾಮಿ? ನಾನೇ ಬಿಚ್ತೀನಿ."

ಉಳಿ ಕಿತ್ತುಕೊಂಡರು. ಹೊರಡುವ ಮುಂಚೆ ಅಂಗೈ ಒದ್ದೆ ಮಾಡಿ ಆ ಕಿಂಡಿಗೆ ಹಿಡಿದೆ. ಅಂಗೈ ನಡುವೆ ಒಂದು ರೂಪಾಯಿ ನಾಣ್ಯದಗಲ ತಣ್ಣಗಾಯಿತು. ಉಳಿದ ಗೋಡೆಯ ತುಂಬ ನನ್ನ ಚೊಕ್ಕ ಕೆಲಸ ಹಾಗೇ ಇದೆ.